ಬೆಳ್ಳಗಿರೋದೆಲ್ಲ ಸ್ಟೈರೀನಲ್ಲ

ಮೇಜಿನ ತುಂಬ ಡಬ್ಬಿ ಮುಚ್ಚಳ, ಪ್ಲಾಸ್ಟಿಕ್ ಚಮಚ, ಹಳೇ ಬೋರ್ಡಿನ ಚೂರು. ಸುತ್ತ ಟ್ಯಾಂಕು, ರೈಲುಗಳ ಪುಟ್ಟ ಮಾದರಿ ಕಟ್ಟೋ ಮೂರು ಜನ ಮಾಡೆಲ್ ಹುಚ್ಚರು. ತಕರಾರು ಒಂದೇ: ಮಾಡೆಲ್ ಕಟ್ಟೋಕೆ ಬೇಕಾದ ಸ್ಟೈರೀನ್ ಪ್ಲಾಸ್ಟಿಕ್ಕಿನ ಶೀಟು, ಪಟ್ಟಿ ಎಲ್ಲಿಂದ ತರೋದು?

ಸೀನ: ತರೋದ್ಯಾಕೆ? ಕಸದ ಬುಟ್ಟಿ ಬಗ್ಗಿಸಿದ್ರೆ ಜೀವಮಾನಕ್ಕಾಗೋಷ್ಟಿದೆ. ಬೆಳ್ಳಗಿದೆ, ತೆಳ್ಳಗಿದೆ, ಇನ್ನೇನು ಬೇಕು?

ರಘು: ವಧೂಪರೀಕ್ಷೆಗೆ ಬಂದಿದ್ದೀಯೇನೋ? ಮೊದಲು ಕುಲಗೋತ್ರ ವಿಚಾರಿಸು.

ವಿಮಲಕ್ಕ: ಗೋತ್ರ ತಳದಲ್ಲೇ ಅಚ್ಚಾಗಿರುತ್ತಪ್ಪ. ತ್ರಿಕೋನದೊಳಗೆ 6 ಇದ್ರೆ ಪಾಲಿಸ್ಟೈರೀನ್, ನಾವು ಸ್ಟೈರೀನ್ ಅನ್ನೋದು ಅದನ್ನೇ, ನಮ್ಮ ಮಾಡೆಲ್ ಕಿಟ್‌ಗಳ ಬಳಗ. 5 ಅಂದ್ರೆ ಪಾಲಿಪ್ರೊಪಿಲೀನ್, ಕಿಟ್ ಸಿಮೆಂಟು, ಅಂದ್ರೆ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯೋ ಅಂಟು, ಹಿಡಿಯಲ್ಲ, ಬಣ್ಣ ಸಿಪ್ಪೆ ಥರ ಎದ್ದು ಬರುತ್ತೆ. 1 ಪೆಟ್. ಕಿಟಕಿ ಗಾಜು ಮಾಡೋಕೆ ಚೆನ್ನ, ಆದ್ರೆ ಅದೂ ಆ ಸಿಮೆಂಟಿಗೆ ಜಗ್ಗಲ್ಲ.

ಸೀನ: ನಂಬರೇ ಇಲ್ಲದ ಚೂರು? ಸುಟ್ಟು ನೋಡಿದ್ರಾಯ್ತು.

ವಿಮಲಕ್ಕ: ಬೇಡ ಮಾರಾಯ, ಅದು ಪಿವಿಸಿ ಆಗಿದ್ರೆ ಆಮ್ಲದ ಹೊಗೆ ಮೂಗಿಗೆ ಹೋಗುತ್ತೆ. ಎರಡು ಲೋಟ ಸಾಕು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ 100 ಮಿ.ಲೀ. ನೀರಿಗೆ 25 ಗ್ರಾಂ ಉಪ್ಪು. ಎರಡಕ್ಕೂ ಒಂದೊಂದು ಹನಿ ಪಾತ್ರೆ ತೊಳೆಯೋ ಸೋಪು. ಇಲ್ಲದಿದ್ರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದ್ದೂ ತೇಲುತ್ತೆ. ಬರೀ ನೀರಲ್ಲೇ ತೇಲಿದ್ರೆ ಪಾಲಿಪ್ರೊಪಿಲೀನೋ ಪಾಲಿಥೀನೋ, ಆಚೆಗಿಡು. ಅಲ್ಲಿ ಮುಳುಗಿ ಉಪ್ಪುನೀರಲ್ಲಿ ತೇಲಿದ್ರೆ ಸ್ಟೈರೀನ್, ಇಲ್ಲವೇ ಅದರ ದಾಯಾದಿ ಪ್ಲಾಸ್ಟಿಕ್ಕು ಎಬಿಎಸ್. ಎರಡರಲ್ಲೂ ಮುಳುಗಿದ್ರೆ ಪಿವಿಸಿ, ಪೆಟ್, ಅಕ್ರಿಲಿಕ್ ಈ ಪೈಕಿ.

ರಘು: ಉಪ್ಪು ತಿಂದೋನು ನೀರು ಕುಡೀಬೇಕು, ಉಪ್ಪುನೀರು ಕುಡಿದೋನು ನಿಜ ಹೇಳಬೇಕು.

ಸೀನ: ಈ ಬೋರ್ಡಿನ ಚೂರು ಬರೀ ನೀರಲ್ಲೇ ದೋಣಿ ಥರ ಹೋಗ್ತಿದೆಯಲ್ಲ?

ವಿಮಲಕ್ಕ: ಕೊಯ್ದ ಅಂಚು ನೋಡು, ರವೆ ರವೆ ಗುಳ್ಳೆ. ನೊರೆ ಪಿವಿಸಿ ಅದು. ಮಾಡೆಲ್ ಕೂರಿಸೋ ಪೀಠಕ್ಕೆ ಆದೀತು, ಚೂಪು ಅಂಚು ಬೇಕಾದ ಕಡೆ ಬೇಡ.

ರಘು: ಇಷ್ಟೆಲ್ಲ ಜಲಪರೀಕ್ಷೆ ಯಾಕೆ? ಎವರ್‌ಗ್ರೀನ್ ಕಂಪನಿಯ ಸ್ಟೈರೀನ್ ಪ್ಯಾಕೆಟ್ ತಗೊಂಡ್ರೆ ಮುಗೀತು. ಶೀಟು 6×12 ಇಂಚು, ಪಟ್ಟಿ 14 ಇಂಚು ಉದ್ದ, ದಪ್ಪ ಹೊದಿಕೆ ಮೇಲೇ ಇರುತ್ತೆ.

ಸೀನ: ಅದೇ ನೋಡು, ಮೂಗಿಗಿಂತ ಮೂಗುತಿ ಭಾರ! ನಾಮಫಲಕ ಮಾಡೋರಿಗೆ, ಶೀಟು ಕಾಯಿಸಿ ಅಚ್ಚಿಗೆ ಎಳೆಯೋ ವ್ಯಾಕ್ಯೂಮ್ ಫಾರ್ಮಿಂಗ್ ಮಾಡೋರಿಗೆ ಸರಕು ಕೊಡೋರ ಹತ್ತಿರ 8×4 ಅಡಿ ಶೀಟೇ ಸಿಗುತ್ತೆ. ನಿನ್ನ ಪ್ಯಾಕೆಟ್ ಅಳತೆಯ ಚೂರು ಅದರಲ್ಲಿ 64 ಆಗುತ್ತೆ.

ರಘು: ಅರವತ್ನಾಲ್ಕು ವಿದ್ಯೆಗೂ ಒಂದೊಂದು. ಇಡೋದೆಲ್ಲಿ, ಮಂಚದ ಮೇಲೋ?

ವಿಮಲಕ್ಕ: ಸೀನ ಹೇಳಿದ್ದು ತಪ್ಪಲ್ಲ, ಆದ್ರೆ ಅಲ್ಲಿ ‘ಸ್ಟೈರೀನ್’ ಅಂದ್ರೆ ಥರ್ಮೋಕೋಲ್ ತಂದಿಟ್ಟಾರು. ‘ಹಿಪ್ಸ್ ಶೀಟ್’ ಅನ್ನು, ಅಂದ್ರೆ ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್. ಇಡೀ ಶೀಟು ಬೇಡ, ಕತ್ತರಿಸಿ ಮಿಕ್ಕ ತುಂಡು ಕೇಳು, ಕ್ಯಾಲಿಪರ್ ಹಿಡಿದು ಅಳೆ. ಸುರುಳಿ ಸುತ್ತಿ ಕೊಡೋಕೆ ಮಾತ್ರ ಬಿಡಬೇಡ, ಆ ಬಾಗು ಆಮೇಲೆ ಬಿಡಲ್ಲ. 1 ಮಿ.ಮೀ. ಮತ್ತು ಮೇಲಿನದಕ್ಕೆ ಈ ದಾರಿ ಸರಿ. 0.25, 0.5 ಬೇಕಾದ್ರೆ ರಘು ದಾರಿ.

ಸೀನ: ಪಟ್ಟಿಯಾದ್ರೂ ಶೀಟಿಂದ ನಾವೇ ಕೊಯ್ಕೋಬಹುದಲ್ಲ?

ವಿಮಲಕ್ಕ: 3 ಮಿ.ಮೀ.ಗಿಂತ ಅಗಲವಾದ್ರೆ ಧಾರಾಳವಾಗಿ. 1 ಮಿ.ಮೀ.ಗಿಂತ ಕಿರಿದಾದ್ದನ್ನ ಕೊಂಡುಬಿಡು. ಬ್ಲೇಡು ಅಂದ್ರೆ ಬೆಣೆ ಕಣೋ. ಪ್ಲಾಸ್ಟಿಕ್ಕನ್ನ ಪಕ್ಕಕ್ಕೆ ತಳ್ಳುತ್ತೆ, ಕಿರಿದು ಪಟ್ಟಿಗೆ ತಡೆಯೋ ಶಕ್ತಿ ಇಲ್ಲ, ಸುರುಳಿ ಸುತ್ತಿಕೊಳ್ಳುತ್ತೆ. ಅಂಚೂ ಓರೆ. ಮಧ್ಯದ ಅಳತೆ ನಿನ್ನ ತಾಳ್ಮೆಗೆ ಬಿಟ್ಟಿದ್ದು.

ರಘು: ಶೀಟನ್ನ ಆರಪಾರ ಕೊಯ್ಯಲೂಬಾರದು. ಸ್ಟೀಲ್ ಸ್ಕೇಲ್ ಇಟ್ಟು ಹಗುರಾಗಿ ಎರಡು ಮೂರು ಗೀರು, ಆಮೇಲೆ ಗೀರು ಬಾಯಿ ಬಿಡೋ ಹಾಗೆ ಬಗ್ಗಿಸಿದ್ರೆ ಕಡ್ಡಿ ಮುರಿದ ಹಾಗೆ ಟಕ್ ಅನ್ನುತ್ತೆ. ಗೀರಿನ ಗುಂಟ ಸಣ್ಣ ದಿಬ್ಬ ಎದ್ದಿರುತ್ತೆ, 400 ನಂಬರ್ ಉಪ್ಪುಕಾಗದದಲ್ಲಿ ತೀಡು. ಬಿಟ್ರೆ ಅಂಟಿಸಿದ ಮೇಲೆ ಸಂದು ಕಾಣುತ್ತೆ.

ಸೀನ: ಟೈಗರ್ 1 ಟ್ಯಾಂಕಿನ ಒಡಲಿನ ಮೇಲ್ಭಾಗದಲ್ಲಿ ಪಕ್ಕದ ಉಕ್ಕು 80 ಮಿ.ಮೀ. 35 ಪಾಲು ಕುಗ್ಗಿಸಿದ 1/35 ಮಾಡೆಲಿನಲ್ಲಿ 2.286 ಬರುತ್ತೆ. ಆ ಶೀಟು ಯಾವ ಪುಣ್ಯಾತ್ಮ ಮಾರ್ತಾನೆ?

ರಘು: 2 ಮಿ.ಮೀ. ಮೇಲೆ 0.25 ಅಂಟಿಸು. 78.75 ಆಯ್ತು. ಉಳಿದ ಒಂದೂಕಾಲು ಮಿ.ಮೀ. ಉಕ್ಕಿಗಾಗಿ ಯಾವ ಗುಂಡು ಹುಡುಕ್ಕೊಂಡು ಬರುತ್ತೆ?

ವಿಮಲಕ್ಕ: ಗುಂಡು ಬರಲ್ಲ, ಗುಳ್ಳೆ ಬರುತ್ತೆ. ಪದರದ ನಡುವೆ ತೆಳು ಸಿಮೆಂಟು ಸಿಕ್ಕಿಹಾಕ್ಕೊಂಡ್ರೆ ಆರೋಕೆ ದಾರಿಯಿಲ್ಲ, ದಿನ ಕಳೆದ ಮೇಲೆ ತೆಳ್ಳನೆ ಪದರ ಉಬ್ಬುತ್ತೆ. ಒಳಗಿನ ದಪ್ಪ ಶೀಟಿಗೆ 10, 15 ಮಿ.ಮೀ.ಗೊಂದು ತೂತು ಕೊರಿ, ಆವಿ ಹೋಗಲಿ. ಸಿಮೆಂಟು ಕಮ್ಮಿ ಹಚ್ಚು, ಚಪ್ಪಟೆ ಭಾರದಡಿ ಒಂದು ದಿನ ಬಿಡು. ಮತ್ತೆ ಕಿಟಕಿ ತೆಗೆದಿಟ್ಟು ಅಂಟಿಸ್ರಪ್ಪ.

ರಘು: ಪ್ಯಾಕೆಟ್ಟಿನಲ್ಲೂ ಒಂದು ಮೋಸ ಇದೆ ಅನ್ನು. ಎಚ್‌ಒ, ಅಂದ್ರೆ ರೈಲು ಮಾಡೆಲ್‌ಗಳ ಅಳತೆ, ಅದರಲ್ಲಿ ‘2×4’ ಅಂತ ಇದ್ರೆ ಅದು ಮಿ.ಮೀ. ಅಲ್ಲ, ಇಂಚಿನ ಮರದ ತುಂಡನ್ನ 87 ಪಾಲು ಕುಗ್ಗಿಸಿದ್ದು. ಒಳಗಿರೋದು ಸುಮಾರು 0.56×1.1 ಮಿ.ಮೀ. ತೊಲೆ ಅಂತ ತರಿಸಿದ್ರೆ ಹಲ್ಲುಕಡ್ಡಿಗಿಂತ ಸಣ್ಣದು ಬರುತ್ತೆ.

ಸೀನ: ಅಕ್ಕಾ! ಈ ಚಮಚ ನೀರಲ್ಲಿ ಮುಳುಗ್ತು, ಉಪ್ಪುನೀರಲ್ಲಿ ತೇಲ್ತು. ಸ್ಟೈರೀನ್! ಗೆದ್ದೆ!

ವಿಮಲಕ್ಕ: ಸ್ಟೈರೀನೇ ಇರಬಹುದು. ಆದ್ರೆ ಗಾಜಿನ ಹಾಗೆ ಪಾರದರ್ಶಕ ಇದೆ ನೋಡು, ರಬ್ಬರ್ ಬೆರೆಸದ ಪೆಡಸು ಜಾತಿ. ಗೀರಿ ಬಗ್ಗಿಸಿದ್ರೆ ಅಡ್ಡಾದಿಡ್ಡಿ ಸೀಳುತ್ತೆ.

ಸೀನ: ಹಾಗಾದ್ರೆ ಇದನ್ನೂ ಬಿಸಾಕಲಾ?

ವಿಮಲಕ್ಕ: ಯಾಕೆ? ಮಾಡೆಲಿಗೆ ಹೊಡೆಯೋ ಮುಂಚೆ ಬಣ್ಣ ಹೇಗೆ ಕೂರುತ್ತೆ ಅಂತ ಚಮಚದ ಬೆನ್ನಿಗೆ ಹೊಡೆದು ನೋಡೋದು.

ರಘು: ಅರವತ್ನಾಲ್ಕು ಚಮಚ ಇದ್ರೆ ಹೇಳೋ, ನಾನೂ ತಗೋತೀನಿ.