ಚಳಿಗಾಲದಲ್ಲಿ ತಾಯಿಯವರ ನಡಿಗೆ ನಿಲ್ಲದಂತೆ ನೋಡಿಕೊಳ್ಳಲು ಸಲಹೆ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಯವರು ವೈದ್ಯರ ಸೂಚನೆಯಂತೆ, ದೀಪಾವಳಿಯವರೆಗೂ ಪ್ರತಿದಿನ ನಸುಕಿನಲ್ಲಿ ನನ್ನೊಡನೆ ಬೀದರ್ ಕೋಟೆಯ ಕಡೆಗೆ ನಡೆಯುತ್ತಿದ್ದರು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ನಮ್ಮೂರಿನಲ್ಲಿ ಈಗ ಬೆಳಗಿನ ತಾಪಮಾನ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದು, ಮೊಣಕಾಲು ಹಿಡಿದುಕೊಳ್ಳುತ್ತವೆ ಎಂದು ಅವರು ಹೊರಗೆ ಬರಲು ಒಪ್ಪುತ್ತಿಲ್ಲ. ಸ್ವೆಟರ್, ಮಫ್ಲರ್, ಕಾಲುಚೀಲ ಕೊಡಿಸಿದೆ. ಮನೆಯೊಳಗೇ ಯೋಗಾಸನ ಮಾಡಿಸಿ ನೋಡಿದೆ. ಯಾವುದೂ ಹೆಚ್ಚು ದಿನ ನಡೆಯಲಿಲ್ಲ. ಸಂಜೆ ಹೋಗೋಣವೆಂದರೆ ಅದು ಅವರಿಗೆ ರೊಟ್ಟಿ ಬಡಿಯುವ ಹೊತ್ತು.

ಊಟದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಎಳ್ಳಮಾವಾಸ್ಯೆಯ ಶೇಂಗಾ ಹೋಳಿಗೆಗೆ ಮಿತಿ ಹಾಕಿಕೊಳ್ಳಲು ಅವರು ಒಪ್ಪಿದ್ದಾರೆ, ಕಾಳು ಮತ್ತು ಸೊಪ್ಪು ತುಂಬಿದ ಭಜ್ಜಿ ಪಲ್ಯವನ್ನು (ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ) ಬಿಡಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಗೊಂದಲವಿರುವುದು ಇಲ್ಲಿಯೇ: ಬೆಳಗಿನ ನಡಿಗೆಗೆ ಒತ್ತಾಯಿಸುವ ಬದಲು, ಬಿಸಿಲೇರಿದ ಮೇಲೆ ನಾಷ್ಟಾ ಮತ್ತು ಊಟದ ನಂತರ ಹತ್ತು ಹತ್ತು ನಿಮಿಷ ನಡೆಸಿದರೆ ಸಾಕಾಗುವುದೇ? ಮನೆಯ ಹಿರಿಯರಿಗೆ ಹೀಗೆ ರೂಢಿ ಮಾಡಿಸಿ, ಅದನ್ನು ಚಳಿಗಾಲವಿಡೀ ಉಳಿಸಿಕೊಂಡವರಿದ್ದರೆ, ಹೇಗೆ ಒಪ್ಪಿಸಿದಿರಿ ಎಂದು ದಯವಿಟ್ಟು ತಿಳಿಸುವಿರಾ?