ಗುಡ್ಡೆ ಜರಿದ ಜಾಗದಲ್ಲಿ ತರಕಾರಿ: ಮಳೆಗೆ ಬುಡ ಕೊಳೆತ, ಚಳಿಗೆ ಗಿಡ ಕಡ್ಡಿ

ಗುಡ್ಡೆಮನೆ, ಬದಿಯಡ್ಕ (ಕಾಸರಗೋಡು)
ಮನೆಯ ಬಡಗು ಬದಿಯಲ್ಲಿ ಜೆಸಿಬಿಯಲ್ಲಿ ಗುಡ್ಡೆ ಜರಿದು (ಕಡಿದು) ಸಮ ಮಾಡಿದ ನಾಲ್ಕು ಸೆಂಟು ಜಾಗ ಉಂಟು, ಪೂರ್ತಿ ಮುರಕಲ್ಲು (ಜಂಬಿಟ್ಟಿಗೆ). ಗುಂಡಿ ತೆಗೆಸಿ ಹಟ್ಟಿಗೊಬ್ಬರ, ಮಣ್ಣು ತುಂಬಿಸಿ ಬೆಂಡೆ, ಬದನೆ, ಬಸಳೆ ನೆಟ್ಟೆವು. ಆಟಿ (ಜುಲೈ-ಆಗಸ್ಟ್) ಬರುವಾಗ ಬೆಂಡೆ ಹಳದಿ, ಬಸಳೆಯ ಬುಡ ಕೊಳೆತ. ಬದನೆಯಂತೂ ಎಲೆ ಹಸಿರಿರುವಾಗಲೇ ಜೋತುಬಿತ್ತು. ದೀಪಾವಳಿ ಕಳೆದು ಅಲ್ಲೇ ಹಾಕಿದ ಹರಿವೆ, ಅಲಸಂಡೆ ಸಪೂರ ಕಡ್ಡಿಯಾಗಿ ಉದ್ದ ಹೋಯಿತು. ಗೊಬ್ಬರ ಕಡಿಮೆಯಾ? ತೆಂಕು ಬದಿ ಅಂಗಳ, ಅಲ್ಲಿ ಏನೂ ನೆಟ್ಟಿಲ್ಲ.

ಕಣಿಪುರ
ಗೊಬ್ಬರದ ಮಾತು ಆಮೇಲೆ. ಒಂದಡಿ ಆಳದ ಹೊಸ ಗುಂಡಿ ತೆಗೆದು, ಸಂಜೆ ನೀರು ತುಂಬಿಸಿ ಬೆಳಿಗ್ಗೆ ನೋಡಿ.

ಗುಡ್ಡೆಮನೆ
ನೋಡಿದೆ. ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು.

ಕಣಿಪುರ
ಹಾಗಾದರೆ ನಿಮ್ಮದು ಗುಂಡಿಯಲ್ಲ, ತೊಟ್ಟಿ. ಮುರಕಲ್ಲಿಗೆ ತೂತುಗಳಿದ್ದರೂ ಜೆಸಿಬಿ ಓಡಾಡಿ ಒತ್ತಿದ ನೆಲ ನೀರು ಬಿಡುವುದಿಲ್ಲ. ನೀರು ನಿಂತಲ್ಲಿ ಬೇರಿಗೆ ಗಾಳಿ ಸಿಗದು, ಎಲೆ ಹಳದಿಯಾಗುತ್ತದೆ. ಯೂರಿಯಾ ಸುರಿದರೆ ದುಡ್ಡು ದಂಡ. ಕೆಳಗೆ ಹೋಗಬೇಡಿ, ಮೇಲೆ ಬನ್ನಿ: ಮುರಕಲ್ಲಿನ ತುಂಡು ಕಟ್ಟಿ ಒಂದಡಿ ಎತ್ತರ, ಮೂರಡಿ ಅಗಲದ ಸಾಲು. ಅದಕ್ಕೂ ಮೊದಲು ಜರಿದ ಧರೆಯ (ಗುಡ್ಡೆ ಕಡಿದ ಗೋಡೆಯ) ಬುಡದಲ್ಲೊಂದು ಕಣಿ, ಅಂದರೆ ನೀರು ಹರಿದುಹೋಗುವ ಕಾಲುವೆ. ಜುಲೈಯಲ್ಲಿ ಧರೆಯಿಂದ ಒಸರುವ ನೀರನ್ನು ಅಡ್ಡಗಟ್ಟದಿದ್ದರೆ ಸಾಲು ಎಷ್ಟು ಎತ್ತರ ಮಾಡಿಯೂ ಪ್ರಯೋಜನ ಇಲ್ಲ. ಅಡಿಕೆ ತೋಟಕ್ಕೆ ಕಣಿ ಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ, ತರಕಾರಿಗೆ ಮಾತ್ರ ಮರೆತುಹೋಗುತ್ತದೆ!

ಕಡ್ಡಿಯಾದದ್ದು ಬೆಳಕು ಸಾಲದೆ. ನಾವಿರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಬಡಗಿಗೆ ಇರುತ್ತಾನೆ, ಉಳಿದ ಕಾಲ ತೆಂಕಿಗೆ. ಡಿಸೆಂಬರಿನಲ್ಲಿ 12 ಅಡಿ ಗೋಡೆಯ ನೆರಳು ಮಧ್ಯಾಹ್ನವೇ 9 ಅಡಿಯಷ್ಟು ಬಡಗಿಗೆ ಚಾಚುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ನಿಮ್ಮ ಹರಿವೆ ಕೂತದ್ದು ಅದರಡಿಯಲ್ಲಿ. ಜೂನಿನಲ್ಲಿ ಅದೇ ಗೋಡೆಯ ನೆರಳು ತೆಂಕಿಗೆ ಎರಡೂವರೆ ಅಡಿಯೂ ಬರದು.

ಹಾಗಾಗಿ ಎರಡು ತೋಟ ಮಾಡಿ. ಬಡಗು ಬದಿ ಮಳೆಗಾಲಕ್ಕೆ: ಬೆಂಡೆ, ಮುಳ್ಳುಸೌತೆ, ಪಡುವಲ, ಹೀರೆ; ಬೀಜ ಪತ್ತನಾಜೆಯ (ಮೇ ಕೊನೆಯ ವಾರ) ಆಸುಪಾಸಿಗೆ. ಅಂಗಳದ ಅಂಚು ಬೇಸಗೆಗೆ: ಹರಿವೆ, ಅಲಸಂಡೆ, ಸೌತೆ, ಕುಂಬಳ. ಬಸಳೆ ಚಪ್ಪರ ಪಾತ್ರೆ ತೊಳೆದ ನೀರು ಹೋಗುವಲ್ಲಿಗೆ, ಬುಡ ಮಾತ್ರ ಎತ್ತರದಲ್ಲಿರಲಿ.

ಪೆರ್ಲದ ಅಕ್ಕ
ಅಷ್ಟೆಲ್ಲ ಕಲ್ಲು ಹೊರುವ ಬದಲು ಗ್ರೋಬ್ಯಾಗ್ ಸಾಕಲ್ಲ?

ಕಣಿಪುರ
ಮೆಣಸಿಗೆ ಸಾಕು. ಮಾರ್ಚಿನ ಬಿಸಿಲಿಗೆ ಚೀಲ ಬೆಳಿಗ್ಗೆ ನೆನೆದರೆ ಸಂಜೆಗೆ ಒಣಗುತ್ತದೆ. ನೀವು ವಾರ ಮನೆಯಲ್ಲಿಲ್ಲದಿದ್ದರೆ ಕಥೆ ಮುಗಿಯಿತು.

ಸುಡುಮಣ್ಣು
ಬದನೆಯದ್ದು ಬೇರೆ ಕೇಸು. ಬಾಡಿದ ಗಿಡದ ದಂಟನ್ನು ಬುಡದಲ್ಲಿ ಓರೆಯಾಗಿ ಕೊಯ್ದು, ಗಾಜಿನ ಲೋಟದ ನೀರಿಗೆ ಅಲುಗಾಡಿಸದೆ ಇಳಿಬಿಡಿ. ಕೊಯ್ದ ಬಾಯಿಯಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಮದ್ದಿಲ್ಲ, ಕಿತ್ತು ಸುಡಿ. ಆ ಮಣ್ಣಿಗೆ ಬದನೆ, ಟೊಮೆಟೊ, ಮೆಣಸು ಯಾವುದೂ ಬೇಡ. ಬದನೆ ಬೇಕೇ ಬೇಕಾದರೆ ಕುದನೆ (ಬದನೆ ಜಾತಿಯ ಕಾಡುಗಿಡ) ಗಿಡಕ್ಕೆ ಕಸಿ ಕಟ್ಟಿದ್ದನ್ನು ಬೇರೆ ಕಡೆ ನೆಡಿ.

ಮುರಮಣ್ಣು ಹೆಚ್ಚಾಗಿ ಹುಳಿ. ಕೃಷಿಭವನದಲ್ಲಿ ಮಣ್ಣು ಪರೀಕ್ಷೆಗೆ ಕೊಡಿ. ಸಾಮಾನ್ಯವಾಗಿ ಸೆಂಟಿಗೆ 2-3 ಕಿಲೋ ಸುಣ್ಣ ಬೇಕಾಗುತ್ತದೆ. ಸುಣ್ಣ, ಹಟ್ಟಿಗೊಬ್ಬರ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ವಾರ ಬಿಟ್ಟು ಹಾಕಿ.

ಗುಡ್ಡೆಮನೆ
ಲೋಟದ ನೀರಲ್ಲಿ ಎಳೆ ಕಂಡಿತು. ಹಳೇ ಗುಂಡಿಯ ಮಣ್ಣನ್ನು ಹೊಸ ಸಾಲಿಗೆ ಬಳಸಬಹುದಾ?

ಸುಡುಮಣ್ಣು
ಬದನೆ ಸತ್ತ ಗುಂಡಿಯದ್ದು ಬೇಡ, ಬಾಳೆಬುಡಕ್ಕೂ ಬೇಡ. ಉಳಿದದ್ದನ್ನು ಬಿಸಿಲಿಗೆ ಹರವಿ ಬಳಸಿ. ಕಣಿ ಮಾತ್ರ ಮೇ ಮೊದಲ ವಾರದೊಳಗೆ ಮುಗಿಸಿ, ಮಳೆ ಹಿಡಿದ ಮೇಲೆ ಪಿಕ್ಕಾಸಿನವರು ಸಿಗುವುದಿಲ್ಲ.