ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡ: ಕೋಚ್, ಖರ್ಚು, ಹಾಜರಿ

ಬದಿಯಡ್ಕ ಪಿಇ ಟೀಚರ್:
ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜು. 20 ಮಂದಿ ಹುಡುಗಿಯರ ತಂಡ ಕಟ್ಟಬೇಕು. ಹೆಚ್ಚಿನವರು ಕನ್ನಡ ಮಾಧ್ಯಮದವರು. ಮೈದಾನ ಮುರಕಲ್ಲಿನ ಗಟ್ಟಿ ನೆಲ. ಇರುವ ಸ್ವಲ್ಪ ಹಣವನ್ನು ಮೊದಲು ಯಾವುದಕ್ಕೆ ಹಾಕಲಿ? ಮಾರ್ಕು ಇಳಿದರೆ ಮನೆಯವರು ಆಟ ಬಿಡಿಸುತ್ತಾರೆ, ಅದಕ್ಕೇನು ದಾರಿ?

ಗಡಿನಾಡ ಕೋಚ್:
ಟೀಚರೇ, ಜೆರ್ಸಿ ಆಮೇಲೆ, ಮೊದಲು ಜನ. ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಡಿ ಲೈಸೆನ್ಸಾದರೂ, ಅಂದರೆ ಆರಂಭದ ಹಂತದ ತರಬೇತಿ ಪತ್ರವಾದರೂ ಇರುವ ಕೋಚ್ ಒಬ್ಬರು, ಪ್ರಯಾಣಕ್ಕೆ ಜೊತೆ ಹೋಗುವ ಮಹಿಳಾ ಮ್ಯಾನೇಜರ್ ಒಬ್ಬರು, ವಾರಕ್ಕೊಮ್ಮೆಯಾದರೂ ಫಿಸಿಯೋ. ಹುಡುಗಿಯರಿಗೆ ಮಂಡಿಯ ಒಳಗಿನ ಎಸಿಎಲ್ ಎಂಬ ಕಟ್ಟುನಾರು ಹರಿಯುವ ಅಪಾಯ ಹುಡುಗರಿಗಿಂತ ಜಾಸ್ತಿ. ಹಾಗಾಗಿ ಗಾಯ ತಪ್ಪಿಸಲೆಂದೇ ಮಾಡಿದ ಫಿಫಾ 11+ ವಾರ್ಮಪ್ ಬಿಡಲೇಬೇಡಿ: 15 ವ್ಯಾಯಾಮ, ಸುಮಾರು 20 ನಿಮಿಷ, ಖರ್ಚಿಲ್ಲ. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತದೆಯೋ ಎಂದು ಒಬ್ಬೊಬ್ಬಳನ್ನೇ ನೋಡಬೇಕು. ಅದನ್ನು ತಿದ್ದದೆ ಬರೀ ವ್ಯಾಯಾಮ ಮಾಡಿಸಿದರೆ ಉಪಯೋಗ ಕಡಿಮೆ.

ಕೋಚ್‌ಗೆ ಮಲಯಾಳ ಮಾತ್ರ ಬರುವುದಾದರೆ ಮೈದಾನದ ಕೂಗುಗಳನ್ನು ಮೊದಲ ವಾರವೇ ಒಂದೇ ಭಾಷೆಗೆ ತನ್ನಿ. ಕೀಪರ್ ಒಂದು ಭಾಷೆಯಲ್ಲಿ, ಡಿಫೆಂಡರ್ ಇನ್ನೊಂದರಲ್ಲಿ ಕೂಗಿದರೆ ಚೆಂಡು ಇಬ್ಬರ ನಡುವಿಂದ ಗೋಲಿಗೆ ಹೋಗುತ್ತದೆ.

ಲೆಕ್ಕದ ಪುಸ್ತಕ:
5ನೇ ಸೈಜಿನ ಚೆಂಡು 10 ಬೇಕು, ಇಬ್ಬರಿಗೊಂದು. ಮುರಕಲ್ಲಿನಲ್ಲಿ ಮೇಲಿನ ಪದರ ಬೇಗ ಸುಲಿಯುತ್ತದೆ, ಮ್ಯಾಚಿಗೆ ಎರಡು ಬೇರೆಯೇ ಇಡಿ. ನಿಯಮದ ಪ್ರಕಾರ ಗಾಳಿ 0.6ರಿಂದ 1.1 ಅಟ್ಮಾಸ್ಫಿಯರ್, ಗಟ್ಟಿ ನೆಲದಲ್ಲಿ ಕೆಳಗಿನ ಅಂಚಿಗೇ ನಿಲ್ಲಿಸಿ, ಪುಟಿತ ಹತೋಟಿಗೆ ಸಿಗುತ್ತದೆ. ಬೂಟಿಗೆ ಗಿಡ್ಡ, ಒತ್ತೊತ್ತಾದ ರಬ್ಬರ್ ಸ್ಟಡ್ (ಅಡಿಯ ಗುಬುಟು). ಉದ್ದ ಸ್ಟಡ್ ನೆಲಕ್ಕೆ ಇಳಿಯದೆ ಹಿಮ್ಮಡಿಗೆ ಒತ್ತುತ್ತದೆ. ಶಿನ್‌ಗಾರ್ಡ್ ಕಡ್ಡಾಯ.

ತಲಾ ಎರಡು ಮೊಟ್ಟೆ, ತಿಂಗಳಿಗೆ 20 ದಿನ ಅಭ್ಯಾಸ ಅಂದರೆ 800 ಮೊಟ್ಟೆ. ಇದನ್ನು ಕಡಿಯಬೇಡಿ. ಸೀಸನ್‌ಗೆ ಮುಂಚೆ ಎಲ್ಲರ ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ. 12 ಗ್ರಾಂಗಿಂತ ಕೆಳಗಿದ್ದವಳನ್ನು ಓಡಿಸುವ ಮೊದಲು ಡಾಕ್ಟರಿಗೆ ತೋರಿಸಿ. ಮಳೆಗಾಲದಲ್ಲಿ ಮುರಕಲ್ಲಿಗೆ ಪಾಚಿ ಹಿಡಿದು ಜಾರುತ್ತದೆ, ಟರ್ಫ್ (ಕೃತಕ ಹುಲ್ಲಿನ ಮೈದಾನ) ಬಾಡಿಗೆಗೆ ಮೊದಲೇ ಹಣ ತೆಗೆದಿಡಿ.

ಪರೀಕ್ಷಾ ವಿಭಾಗ:
ಓದಿನ ವಿಷಯಕ್ಕೆ ಅಮೆರಿಕದಲ್ಲಿ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎಯ ಒಂದು ಲೆಕ್ಕ ಇಲ್ಲಿಗೂ ಒಗ್ಗುತ್ತದೆ. ಅಲ್ಲಿ ವಿದ್ಯಾರ್ಥಿವೇತನ ಪಡೆಯುವ ಆಟಗಾರ್ತಿಗೆ ಪ್ರತಿ ಅವಧಿಗೆ ಎರಡು ಅಂಕ: ಓದಿನಲ್ಲಿ ಅರ್ಹಳಾಗಿದ್ದರೆ ಒಂದು, ಕಾಲೇಜಿನಲ್ಲಿ ಉಳಿದರೆ ಒಂದು. ನಾಲ್ಕು ವರ್ಷದ ಸರಾಸರಿ 1000ಕ್ಕೆ 930 ಮುಟ್ಟದಿದ್ದರೆ ತಂಡಕ್ಕೆ ಸೀಸನ್ ಕೊನೆಯ ಪಂದ್ಯಾವಳಿಗೆ ಪ್ರವೇಶ ಇಲ್ಲ. ನಿಮ್ಮ 20 ಮಂದಿಗೆ ಸೆಮಿಸ್ಟರಿಗೆ 40 ಅಂಕ. ಮೂರು ಹೋದರೆ 925. ಒಬ್ಬಳು ಎರಡು ಅಂಕ, ಇನ್ನೊಬ್ಬಳು ಒಂದು ಅಂಕ ಕಳೆದುಕೊಂಡರೂ ಅಷ್ಟಾಗುತ್ತದೆ ನೋಡಿ.

ಹಾಜರಿ 75 ಶೇಕಡಾ ಅಂದರೆ 90 ದಿನದಲ್ಲಿ 68. ಪಂದ್ಯಕ್ಕೆ ಹೋದ ದಿನಗಳ ಡ್ಯೂಟಿ ಲೀವ್ ಪತ್ರ ಸೆಮಿಸ್ಟರ್ ಕೊನೆಗೆ ಒಟ್ಟಿಗೆ ಕೊಟ್ಟರೆ ಒಂದಲ್ಲ ಒಂದು ಕಳೆದುಹೋಗುತ್ತದೆ. ಪಂದ್ಯ ಮುಗಿದ ವಾರದೊಳಗೆ ವಿಭಾಗಕ್ಕೆ ಕೊಟ್ಟು ಸಹಿ ತೆಗೆದುಕೊಳ್ಳಿ. ಇಂಟರ್ನಲ್ ಪರೀಕ್ಷೆ, ಲ್ಯಾಬ್ ದಿನಗಳನ್ನು ಪಂದ್ಯದ ಪಟ್ಟಿಯ ಪಕ್ಕದಲ್ಲೇ ಬರೆದಿಡಿ.

ಬದಿಯಡ್ಕ ಪಿಇ ಟೀಚರ್:
ಈ ಅಂಕ, ಹಾಜರಿ ಬರೆದಿಡುವ ಪುಸ್ತಕ ಕೋಚ್ ಕೈಯಲ್ಲಿ ಇರಬಹುದೇ?

ಪರೀಕ್ಷಾ ವಿಭಾಗ:
ಬೇಡ ಟೀಚರೇ. ಫೈನಲ್ ಹತ್ತಿರ ಬಂದಾಗ ಒಳ್ಳೆ ಸ್ಟ್ರೈಕರ್‌ನ ಬಾಕಿ ಪೇಪರ್ ಯಾವ ಕೋಚ್‌ಗೂ ಕಾಣುವುದಿಲ್ಲ. ಪಾಠ ಮಾಡುವ ಒಬ್ಬರ ಹತ್ತಿರ ಇರಲಿ.